ಎರಡು ರೇಡಿಯೋ ಗುಡ್ಡೆ, ನಡುವೆ ಖಾಲಿ: ಯಾವ ಗ್ಯಾಲಕ್ಸಿಯನ್ನು ಆರಿಸಲಿ?

ಪ್ರಶ್ನೆ: ನಮಸ್ಕಾರ ಸರ್. ನಾನು ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ. ಬಿಎಸ್ಸಿಯಲ್ಲಿ ಫಿಸಿಕ್ಸ್ ಓದಿದ್ದೆ, ಆಮೇಲೆ ಬಿಟ್ಟುಹೋಯಿತು. ಕೆಲವು ತಿಂಗಳಿಂದ ರಾತ್ರಿ ಊಟ ಆದಮೇಲೆ ಝೂನಿವರ್ಸ್ ಅನ್ನುವ ವೆಬ್‌ಸೈಟಿನಲ್ಲಿ ರೇಡಿಯೋ ದೂರದರ್ಶಕದ ಚಿತ್ರಗಳನ್ನು ನೋಡಿ ಅವುಗಳ ಹೋಸ್ಟ್ ಗ್ಯಾಲಕ್ಸಿ, ಅಂದರೆ ಆ ರೇಡಿಯೋ ಅಲೆಗಳಿಗೆ ಕಾರಣವಾದ ಗ್ಯಾಲಕ್ಸಿ, ಯಾವುದು ಅಂತ ಗುರುತಿಸುತ್ತಿದ್ದೇನೆ. ಒಂದು ಚಿತ್ರ ತಲೆ ಕೆಡಿಸಿದೆ. ಎರಡು ರೇಡಿಯೋ ಗುಡ್ಡೆಗಳಿವೆ, ನಡುವೆ ಸುಮಾರು 50 ಆರ್ಕ್‌ಸೆಕೆಂಡ್ ಅಂತರ (ಒಂದು ಡಿಗ್ರಿಯ 3600ನೇ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ಎಡಗಡೆಯದು ಜೋರು, ಬಲಗಡೆಯದು ಮಂಕು. ಎಡ ಗುಡ್ಡೆಯ ಪಕ್ಕದಲ್ಲೇ ಇನ್ಫ್ರಾರೆಡ್ ಚಿತ್ರದಲ್ಲಿ ದೊಡ್ಡದಾಗಿ ಹೊಳೆಯುವ ಚುಕ್ಕೆ ಇದೆ. ಸರಿಯಾಗಿ ಮಧ್ಯದಲ್ಲಿ ಏನೂ ಇಲ್ಲ. ಮಧ್ಯದಿಂದ ಸ್ವಲ್ಪ ಎಡಕ್ಕೆ ಕಂಡೂ ಕಾಣದ ಹಾಗೆ ಇನ್ನೊಂದು ಚುಕ್ಕೆ ಇದೆ. ನಾನು ಹೊಳೆಯುವುದನ್ನೇ ಆರಿಸಿದೆ. ಬೇರೆಯವರು ಕೆಲವರು ಮಂಕಾದದ್ದನ್ನು ಆರಿಸಿದ್ದಾರೆ, ಕೆಲವರು 'ಏನೂ ಇಲ್ಲ' ಎಂದಿದ್ದಾರೆ. ನಮ್ಮಂಥವರು ಹೀಗೆ ತಪ್ಪು ಒತ್ತಿ ವಿಜ್ಞಾನವನ್ನೇ ಹಾಳು ಮಾಡುತ್ತಿದ್ದೇವಾ? ಇದನ್ನು ಕಂಪ್ಯೂಟರ್‌ಗೆ ಬಿಡುವುದು ಒಳ್ಳೆಯದಲ್ವಾ? ಗೊತ್ತಾಗದ ಚಿತ್ರ ಬಂದರೆ ಬಿಟ್ಟು ಮುಂದೆ ಹೋಗಲೇ?

ಉತ್ತರ: ಮೊದಲು ನಿಮ್ಮ ಭಯಕ್ಕೆ ಉತ್ತರ ಹೇಳಿಬಿಡುತ್ತೇನೆ. ಇಲ್ಲ, ನೀವು ಏನನ್ನೂ ಹಾಳು ಮಾಡುತ್ತಿಲ್ಲ. ಒಬ್ಬರ ಕ್ಲಿಕ್ ಮೇಲೆ ಯಾವ ಪಟ್ಟಿಯೂ ನಿಂತಿಲ್ಲ. ನೀವು ಯಾವ ಯೋಜನೆಯಲ್ಲಿ ಇದ್ದೀರಿ ಅಂತ ಬರೆದಿಲ್ಲ, ಆದರೆ ಬಟನ್‌ಗಳು ಬೇರೆಯಾದರೂ ಕೆಲಸ ಹೆಚ್ಚುಕಡಿಮೆ ಒಂದೇ. 2013ರ ಡಿಸೆಂಬರ್‌ನಲ್ಲಿ ಶುರುವಾಗಿ 2019ರವರೆಗೆ ನಡೆದ ಮೊದಲ 'ರೇಡಿಯೋ ಗ್ಯಾಲಕ್ಸಿ ಝೂ'ನಲ್ಲಿ ಗೋಜಲಾದ ಒಂದೊಂದು ಚಿತ್ರವನ್ನೂ 20 ಜನ ಸ್ವತಂತ್ರವಾಗಿ ನೋಡುತ್ತಿದ್ದರು. ಒಂದೇ ಚುಕ್ಕೆ ಇರುವ ಸುಲಭದ ಚಿತ್ರಕ್ಕೆ 5 ಜನ ಸಾಕಾಗುತ್ತಿತ್ತು. ಹಾಗೆ ಸೇರಿದ ಉತ್ತರಗಳಿಂದ, ಒಮ್ಮತ ಸಾಲದ್ದನ್ನು ಬಿಟ್ಟು, ಸುಮಾರು ಒಂದು ಲಕ್ಷ ರೇಡಿಯೋ ಮೂಲಗಳ ಪಟ್ಟಿ ತಯಾರಾಯಿತು.

ಇನ್ನು ನಿಮ್ಮ ಚಿತ್ರ. ನೀವು ವರ್ಣಿಸಿದ್ದನ್ನು ನೋಡಿದರೆ ಹೊಳೆಯುವ ಚುಕ್ಕೆ ಹೋಸ್ಟ್ ಆಗಿರುವ ಸಾಧ್ಯತೆ ಕಡಿಮೆ. ಮಂಕಾದದ್ದೇ ಇರಬಹುದು ಅಂತ ನನ್ನ ಅಂದಾಜು. ಆದರೆ ಅದನ್ನು ಒಪ್ಪುವ ಮುಂಚೆ ನೋಡಬೇಕಾದ್ದು ಕೆಲವಿದೆ, ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ತುಂಬಾ ಜನರ ಮನಸ್ಸಿನಲ್ಲಿ ಇರುವ ನಂಬಿಕೆ ಏನೆಂದರೆ, ರೇಡಿಯೋ ಎಲ್ಲಿ ಜೋರಾಗಿದೆಯೋ ಅಲ್ಲೇ ಗ್ಯಾಲಕ್ಸಿ ಇರಬೇಕು ಅಂತ. ಸಹಜವೇ. ಬೆಳಕಿನ ಚಿತ್ರದಲ್ಲಿ ಹಾಗೇ ಇರುತ್ತದೆ. ರೇಡಿಯೋದಲ್ಲಿ ಹಾಗಿಲ್ಲ. ಗ್ಯಾಲಕ್ಸಿಯ ನಡುವೆ ಇರುವ ದೈತ್ಯ ಕಪ್ಪುರಂಧ್ರ ತನ್ನೊಳಗೆ ಬೀಳುವ ಅನಿಲದ ಶಕ್ತಿಯಲ್ಲಿ ಒಂದು ಪಾಲನ್ನು ಎರಡು ವಿರುದ್ಧ ದಿಕ್ಕುಗಳಿಗೆ ಜೆಟ್ ಆಗಿ ಚಿಮ್ಮಿಸುತ್ತದೆ. ಆ ಜೆಟ್ ಗ್ಯಾಲಕ್ಸಿಯನ್ನು ದಾಟಿ, ಹೊರಗಿನ ತೆಳು ಅನಿಲಕ್ಕೆ ಬಡಿದು, ಅಲ್ಲಿ ಹರಡಿಕೊಳ್ಳುತ್ತದೆ. ಬೆಳಕಿನ ವೇಗಕ್ಕೆ ಹತ್ತಿರದಲ್ಲಿ ಓಡುವ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುತ್ತುತ್ತಾ ರೇಡಿಯೋ ಅಲೆ ಹೊರಡಿಸುತ್ತವೆ. ಹೀಗೆ ಹರಡಿದ ಭಾಗಕ್ಕೆ ಲೋಬ್ ಅನ್ನುತ್ತೇವೆ, ನೀವು ನೋಡಿದ ಗುಡ್ಡೆಗಳು ಇವೇ. ಅಲ್ಲಿ ನಕ್ಷತ್ರಗಳೇ ಇಲ್ಲ. ಇನ್ಫ್ರಾರೆಡ್ ಚಿತ್ರ ತೋರಿಸುವುದು ಮುಖ್ಯವಾಗಿ ನಕ್ಷತ್ರಗಳ ಬೆಳಕನ್ನು ಮತ್ತು ಕಪ್ಪುರಂಧ್ರದ ಸುತ್ತ ಬಿಸಿಯಾದ ದೂಳನ್ನು. ಎರಡೂ ಚಿತ್ರ ಒಂದೇ ವಸ್ತುವಿನ ಬೇರೆ ಬೇರೆ ಜಾಗಗಳನ್ನು ತೋರಿಸುತ್ತಿವೆ. ದೂರದ ಮೂಲವಾದರೆ ನಿಮ್ಮ 50 ಆರ್ಕ್‌ಸೆಕೆಂಡ್ ಅಂದರೆ ಹತ್ತು ಲಕ್ಷ ಜ್ಯೋತಿರ್ವರ್ಷಕ್ಕೂ ಜಾಸ್ತಿ. ನಮ್ಮ ಆಕಾಶಗಂಗೆಯ ಅಡ್ಡಳತೆಯೇ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ.

ಇದು ಗೊತ್ತಾಗಿದ್ದೇ ಒಂದು ದೊಡ್ಡ ಕಥೆ. ಹಂಸ ನಕ್ಷತ್ರಪುಂಜದ ದಿಕ್ಕಿನಲ್ಲಿರುವ ಸಿಗ್ನಸ್ ಎ ಆಕಾಶದ ಅತಿ ಜೋರಾದ ರೇಡಿಯೋ ಮೂಲಗಳಲ್ಲಿ ಒಂದು. 1953ರಲ್ಲಿ ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್‌ನಲ್ಲಿ ರೋಜರ್ ಜೆನಿಸನ್ ಮತ್ತು ನಮ್ಮ ಬಂಗಾಳದ ಎಂ. ಕೆ. ದಾಸ್ ಗುಪ್ತ ಸೇರಿ ಅಳೆದು ನೋಡಿದಾಗ ಅದು ಒಂದು ಚುಕ್ಕೆಯಲ್ಲ, ಎರಡು ಪ್ರತ್ಯೇಕ ಗುಡ್ಡೆ ಅಂತ ಕಂಡಿತು. ಅದಕ್ಕೆ ಮುಂಚೆ ಗ್ರಹಾಂ ಸ್ಮಿತ್ ಕೊಟ್ಟಿದ್ದ ನಿಖರವಾದ ಸ್ಥಾನವನ್ನು ಹಿಡಿದು ಖಗೋಳಶಾಸ್ತ್ರಜ್ಞರಾದ ಬಾಡೆ ಮತ್ತು ಮಿಂಕೋವ್‌ಸ್ಕಿ ಅಮೆರಿಕದ ಪಾಲೊಮಾರ್‌ನ 200 ಇಂಚಿನ ದೂರದರ್ಶಕದಲ್ಲಿ ಹುಡುಕಿ, ಅಲ್ಲಿರುವ ಮಂಕು ಗ್ಯಾಲಕ್ಸಿಯನ್ನು ಗುರುತಿಸಿದರು. ಅವರ ವರದಿ 1954ರಲ್ಲಿ ಬಂತು. ಗ್ಯಾಲಕ್ಸಿ ಇದ್ದದ್ದು ಎರಡು ಗುಡ್ಡೆಗಳ ನಡುವೆ. ಗುಡ್ಡೆಗಳ ಮೇಲೆ ಏನೂ ಇರಲಿಲ್ಲ. ದಾಸ್ ಗುಪ್ತರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇರಬೇಕಿತ್ತು ಅಂತ ನನಗೆ ಯಾವಾಗಲೂ ಅನಿಸುತ್ತದೆ. ನೀವು ರಾತ್ರಿ ಕೂತು ಮಾಡುತ್ತಿರುವುದು ಅವತ್ತು ಬಾಡೆ, ಮಿಂಕೋವ್‌ಸ್ಕಿ ಮಾಡಿದ್ದೇ ಕೆಲಸ.

ಹಾಗಾದರೆ ಎಡ ಗುಡ್ಡೆಯ ಪಕ್ಕದ ಹೊಳೆಯುವ ಚುಕ್ಕೆ ಅಲ್ಲಿಗೆ ಹೇಗೆ ಬಂತು? ಬಹುಶಃ ಸುಮ್ನೆ ಅಡ್ಡ ಬಂದಿದೆ. ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ವೈಸ್ ಉಪಗ್ರಹದ ಇಡೀ ಆಕಾಶದ ಪಟ್ಟಿಯಲ್ಲಿ ಸುಮಾರು 74.7 ಕೋಟಿ ಇನ್ಫ್ರಾರೆಡ್ ಮೂಲಗಳಿವೆ. ಆಕಾಶದ ಒಟ್ಟು ವಿಸ್ತಾರ 41,253 ಚದರ ಡಿಗ್ರಿ. ಭಾಗಿಸಿದರೆ ಒಂದು ಚದರ ಆರ್ಕ್‌ಮಿನಿಟ್‌ಗೆ (60 ಆರ್ಕ್‌ಸೆಕೆಂಡ್ ಅಂದರೆ ಒಂದು ಆರ್ಕ್‌ಮಿನಿಟ್) ಸರಾಸರಿ 5 ಚುಕ್ಕೆ. ಅಂದರೆ 3 ಆರ್ಕ್‌ಮಿನಿಟ್ ಅಗಲ, ಅಷ್ಟೇ ಎತ್ತರದ ಒಂದು ಚಿತ್ರದಲ್ಲಿ 45ರ ಹತ್ತಿರ. ಆಕಾಶಗಂಗೆಯ ಪಟ್ಟಿಯಿಂದ ದೂರ ಹೋದರೆ ಸ್ವಲ್ಪ ಕಡಿಮೆ ಇರುತ್ತದೆ. ಈಗ ನೀವು ಯಾವುದೋ ಒಂದು ಬಿಂದುವಿನ ಸುತ್ತ 10 ಆರ್ಕ್‌ಸೆಕೆಂಡ್ ಒಳಗೆ ಹುಡುಕಿದರೆ, ಸಂಬಂಧವೇ ಇಲ್ಲದ ಚುಕ್ಕೆ ಸಿಗುವ ಸಂಭವ ಸುಮಾರು ಮೂರರಲ್ಲಿ ಒಂದು. 5 ಆರ್ಕ್‌ಸೆಕೆಂಡ್ ಒಳಗಾದರೆ ಹತ್ತರಲ್ಲಿ ಒಂದು. 2 ಆರ್ಕ್‌ಸೆಕೆಂಡ್ ಒಳಗಾದರೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಹಾಗಾಗಿ 'ಹತ್ತಿರ ಇದೆ' ಅನ್ನುವ ಮಾತಿಗೆ ಎಷ್ಟು ಹತ್ತಿರ, ಯಾವುದಕ್ಕೆ ಹತ್ತಿರ ಅಂತ ಹೇಳದೆ ಬೆಲೆ ಇಲ್ಲ.

ಅದಲ್ಲದೆ, ಇನ್ಫ್ರಾರೆಡ್‌ನಲ್ಲಿ ತುಂಬಾ ಹೊಳೆಯುವ ಚುಕ್ಕೆ ಎಷ್ಟೋ ಸಲ ನಮ್ಮದೇ ಆಕಾಶಗಂಗೆಯ ನಕ್ಷತ್ರವಾಗಿರುತ್ತದೆ. ಅದೇ ಜಾಗದ ಬೆಳಕಿನ ಚಿತ್ರ ತೆಗೆದು ನೋಡಿ. ಚುಕ್ಕೆಯಿಂದ ನಾಲ್ಕು ಕಡೆಗೆ ಮುಳ್ಳಿನ ಥರ ಗೆರೆ ಹೊರಟಿದ್ದರೆ ಅದು ಬಹುತೇಕ ನಕ್ಷತ್ರ, ಲೋಬ್‌ಗಳ ಜೋಡಿಗೆ ಅದು ಹೋಸ್ಟ್ ಆಗಲು ಸಾಧ್ಯವಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ನಕ್ಷತ್ರದ ಹಾಗೆ ಚುಕ್ಕೆಯಾಗಿ ಕಂಡದ್ದೆಲ್ಲ ನಕ್ಷತ್ರ ಅಂತಲೂ ತೀರ್ಮಾನ ಮಾಡಬೇಡಿ. 3ಸಿ 273 ಅನ್ನುವ ರೇಡಿಯೋ ಮೂಲ ಇದಕ್ಕೆ ಸಾಕ್ಷಿ. 1962ರಲ್ಲಿ ಚಂದ್ರ ಅದನ್ನು ಮರೆಮಾಡಿದ ಗಳಿಗೆಯನ್ನು ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಲ್ಲಿ ಹಿಡಿದು ಸ್ಥಾನ ಗುರುತಿಸಿದರು. ಆ ಸ್ಥಾನದಲ್ಲಿ ಕಂಡದ್ದು ಒಂದು ಸಾಧಾರಣ ನೀಲಿ ನಕ್ಷತ್ರದಂಥ ಚುಕ್ಕೆ. 1963ರಲ್ಲಿ ಮಾರ್ಟಿನ್ ಶ್ಮಿಟ್ ಅದರ ಸ್ಪೆಕ್ಟ್ರಮ್ (ಬಣ್ಣಗಳಾಗಿ ಬಿಡಿಸಿದ ಬೆಳಕು) ಓದಿ ರೆಡ್‌ಶಿಫ್ಟ್ 0.158 ಎಂದರು. ರೆಡ್‌ಶಿಫ್ಟ್ ಅಂದರೆ ಬೆಳಕು ಕೆಂಪಿನ ಕಡೆಗೆ ಸರಿದಿರುವ ಪ್ರಮಾಣ, ಅದು ಹೆಚ್ಚಿದಷ್ಟೂ ಮೂಲ ದೂರ. ಅದೇ ಮೊದಲು ಅರ್ಥವಾದ ಕ್ವೇಸಾರ್, ಅಂದರೆ ಕಪ್ಪುರಂಧ್ರದಿಂದಾಗಿ ನಕ್ಷತ್ರದ ಹಾಗೆ ಹೊಳೆಯುವ ದೂರದ ಗ್ಯಾಲಕ್ಸಿಯ ನಡುಭಾಗ. ಇದೇ ಚಂದ್ರನ ಉಪಾಯವನ್ನು ಗೋವಿಂದ ಸ್ವರೂಪ್ ಅವರ ತಂಡ 1970ರಿಂದ ಊಟಿಯ ದೂರದರ್ಶಕದಲ್ಲಿ ನೂರಾರು ಮೂಲಗಳ ಮೇಲೆ ಬಳಸಿತು. ಆದ್ದರಿಂದ ರೇಡಿಯೋ ಕೋರ್, ಅಂದರೆ ಲೋಬ್‌ಗಳ ನಡುವಿನ ಸಣ್ಣ ರೇಡಿಯೋ ಚುಕ್ಕೆ, ಅದರ ಮೇಲೆ ಸರಿಯಾಗಿ ಕೂತ ಚುಕ್ಕೆಯಾದರೆ, ನೋಡಲು ನಕ್ಷತ್ರದ ಹಾಗಿದ್ದರೂ ಅದನ್ನೇ ಆರಿಸಿ.

ಇನ್ನೊಂದು ನಂಬಿಕೆ, ಹೋಸ್ಟ್ ಯಾವಾಗಲೂ ಸರಿಯಾಗಿ ಮಧ್ಯದಲ್ಲೇ ಇರಬೇಕು ಅನ್ನುವುದು. ನಿಮ್ಮ ಗೊಂದಲ ಅರ್ಧ ಇದರಿಂದಲೇ ಬಂದಿದೆ. ಮಧ್ಯ ಅನ್ನುವುದು ಹುಡುಕಾಟ ಶುರು ಮಾಡುವ ಜಾಗ, ಅಷ್ಟೇ. ಜೆಟ್ ಎರಡೂ ಕಡೆ ಒಂದೇ ಶಕ್ತಿಯಲ್ಲಿ ಹೊರಟರೂ, ಒಂದು ಕಡೆ ಅನಿಲ ದಟ್ಟವಾಗಿದ್ದರೆ ಆ ಕಡೆಯ ಲೋಬ್ ನಿಧಾನವಾಗಿ ಬೆಳೆಯುತ್ತದೆ, ಗ್ಯಾಲಕ್ಸಿಗೆ ಹತ್ತಿರವೇ ಉಳಿಯುತ್ತದೆ, ಆಗಾಗ ಹೆಚ್ಚು ಹೊಳೆಯುತ್ತದೆ ಕೂಡ. ಇದರ ಜೊತೆ ಬೆಳಕಿನ ಪ್ರಯಾಣದ ಸಮಯವೂ ಸೇರುತ್ತದೆ: ನಮ್ಮ ಕಡೆಗೆ ವಾಲಿದ ಲೋಬ್‌ನ ಅಲೆ ನಮಗೆ ಬೇಗ ತಲುಪುತ್ತದೆ, ಆಚೆ ಕಡೆಯದು ತಡವಾಗಿ ಬರುತ್ತದೆ, ಹಾಗಾಗಿ ಆಚೆಯದನ್ನು ನಾವು ಅದರ ಚಿಕ್ಕ ವಯಸ್ಸಿನಲ್ಲಿ ನೋಡುತ್ತಿರುತ್ತೇವೆ, ಅದು ಗ್ಯಾಲಕ್ಸಿಗೆ ಹತ್ತಿರ ಕಾಣುತ್ತದೆ. ನಿಮ್ಮ ಚಿತ್ರದಲ್ಲಿ ಜೋರಾದ ಗುಡ್ಡೆ ಎಡಕ್ಕಿದೆ, ಮಂಕು ಚುಕ್ಕೆಯೂ ಮಧ್ಯದಿಂದ ಎಡಕ್ಕೆ ಸರಿದಿದೆ. ಇದು ಸರಿಹೊಂದುವ ಚಿತ್ರವೇ. ನಾನು ಆ ಕಡೆ ವಾಲಲು ಇದೇ ಮುಖ್ಯ ಕಾರಣ.

ಕೆಲವೊಮ್ಮೆ ಎರಡು ಲೋಬ್ ಒಂದೇ ಗೆರೆಯ ಮೇಲೂ ಇರುವುದಿಲ್ಲ. ಗ್ಯಾಲಕ್ಸಿಗಳ ಗುಂಪಿನಲ್ಲಿ ಬಿಸಿ ಅನಿಲ ತುಂಬಿರುತ್ತದೆ. ಅದರೊಳಗೆ ಗ್ಯಾಲಕ್ಸಿ ಓಡುವಾಗ, ಬೈಕಿನಲ್ಲಿ ಹೋಗುವವರ ದುಪಟ್ಟಾ ಹಿಂದಕ್ಕೆ ಹಾರುವ ಹಾಗೆ ಎರಡೂ ಜೆಟ್ ಹಿಂದಕ್ಕೆ ಬಾಗುತ್ತವೆ. ಪರ್ಸಿಯಸ್ ಗುಂಪಿನ ಎನ್‌ಜಿಸಿ 1265 ಇಂಥದ್ದು. ಅಲ್ಲಿ ಹೋಸ್ಟ್ ಇರುವುದು ಬಾಗಿದ ಆಕಾರದ ತುದಿಯಲ್ಲಿ, ಮಧ್ಯದಲ್ಲಿ ಅಲ್ಲ. ಇಂಥ ಬಾಗಿದ ಮೂಲ ಕಂಡರೆ ಸುತ್ತಮುತ್ತ ಗ್ಯಾಲಕ್ಸಿ ಗುಂಪು ಇರಬಹುದು ಅನ್ನುವ ಸುಳಿವೂ ಹೌದು. ರಷ್ಯಾದ ಇಬ್ಬರು ಸ್ವಯಂಸೇವಕರು ಹೀಗೇ ಒಂದನ್ನು ಹಿಡಿದರು. ಒಂದು ಚಿತ್ರದ ಚೌಕಟ್ಟಿಗೆ ಸಿಗದಷ್ಟು ದೊಡ್ಡದಾಗಿ ಹರಡಿದ್ದ ರೇಡಿಯೋ ತುಣುಕುಗಳೆಲ್ಲ ಒಂದೇ ಬಾಗಿದ ಮೂಲದ ಭಾಗ ಅಂತ ಅವರಿಗೆ ಹೊಳೆಯಿತು. ವಿಜ್ಞಾನಿಗಳು ಹಿಂದೆ ಹೋಗಿ ನೋಡಿದರೆ ಅಲ್ಲಿ ಕನಿಷ್ಠ 40 ಗ್ಯಾಲಕ್ಸಿಗಳ ಗುಂಪು, ನೂರು ಕೋಟಿ ಜ್ಯೋತಿರ್ವರ್ಷಕ್ಕೂ ದೂರದಲ್ಲಿ. 2016ರಲ್ಲಿ ಪ್ರಬಂಧ ಬಂತು, ಆ ಗುಂಪಿಗೆ ಅವರಿಬ್ಬರ ಹೆಸರನ್ನೇ ಇಟ್ಟರು. ಹವ್ಯಾಸಿಗಳ ಕೆಲಸಕ್ಕೆ ಇದಕ್ಕಿಂತ ದೊಡ್ಡ ಗೌರವ ಏನಿದೆ ಹೇಳಿ.

ಈಗ ನೋಡುವ ಕ್ರಮ. ನನ್ನ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು, ಇನ್ಫ್ರಾರೆಡ್ ಚಿತ್ರವನ್ನು ಪೂರ್ತಿ ಮುಚ್ಚಿಡಿ ಅಂತ. ರೇಡಿಯೋ ಆಕಾರ ಓದುವುದಕ್ಕೆ ಮುಂಚೆ ಚುಕ್ಕೆಗಳನ್ನು ನೋಡಿದರೆ ಕಣ್ಣು ಹೊಳೆಯುವುದಕ್ಕೇ ಹೋಗಿ ಅಂಟಿಕೊಳ್ಳುತ್ತದೆ. ಆಮೇಲೆ ಕಾರಣ ಹುಡುಕುವುದು ಸುಲಭ, ಬಿಡುವುದು ಕಷ್ಟ. ರೇಡಿಯೋ ಗೆರೆಗಳನ್ನು (ಒಂದೇ ಜೋರಿನ ಜಾಗಗಳನ್ನು ಸೇರಿಸಿ ಎಳೆದ ಸುತ್ತುಗೆರೆಗಳು) ಮಾತ್ರ ಇಟ್ಟುಕೊಂಡು ಒಂದೊಂದು ಗುಡ್ಡೆಯ ಅಂಚು ನೋಡಿ. ಗೆರೆಗಳು ಎಲ್ಲಿ ಒತ್ತೊತ್ತಾಗಿವೆ, ಎಲ್ಲಿ ಸಡಿಲವಾಗಿವೆ? ಹೊರ ಅಂಚಿನಲ್ಲಿ ಒತ್ತಾಗಿದ್ದು, ಒಳಗಡೆಗೆ, ಅಂದರೆ ಇನ್ನೊಂದು ಗುಡ್ಡೆಯ ಕಡೆಗೆ, ಬಾಲದ ಹಾಗೆ ಸಡಿಲವಾಗಿ ಎಳೆದುಕೊಂಡಿದ್ದರೆ ಅದು ಲೋಬ್. ಜೆಟ್ ಹೋಗಿ ಬಡಿದ ಜಾಗ ಹೊರ ತುದಿಯಲ್ಲಿದೆ, ಅಲ್ಲಿಂದ ವಸ್ತು ಹಿಂದಕ್ಕೆ ಹರಿದು ಬಂದಿದೆ. ಎರಡೂ ಗುಡ್ಡೆಗಳ ಬಾಲ ಪರಸ್ಪರ ಕಡೆಗೆ ತಿರುಗಿದ್ದರೆ ಜೋಡಿ ಅನ್ನುವುದು ಹೆಚ್ಚುಕಡಿಮೆ ಖಚಿತ. ಆ ಬಾಲಗಳು ತೋರಿಸುವ ದಾರಿಯಲ್ಲೇ ಹೋಸ್ಟ್ ಇರಬೇಕು. ಗುಡ್ಡೆ ಉದ್ದವೇ ಇಲ್ಲದೆ ದುಂಡಗೆ, ಬಿಗಿಯಾಗಿ ಇದ್ದರೆ ಅದು ತಾನೇ ಒಂದು ಪ್ರತ್ಯೇಕ ಮೂಲ ಆಗಿರಬಹುದು.

ಆಮೇಲೆ ನಡುವೆ ಸಣ್ಣದೊಂದು ರೇಡಿಯೋ ಚುಕ್ಕೆ, ಅಂದರೆ ಕೋರ್, ಇದೆಯಾ ನೋಡಿ. ಸಿಗ್ನಸ್ ಎಯಲ್ಲಿ ಕೂಡ ಕೋರ್ ಲೋಬ್‌ಗಳ ಮುಂದೆ ತೀರಾ ಮಂಕು, ಹಾಗಾಗಿ ಕಾಣದಿದ್ದರೆ ಗಾಬರಿ ಬೇಡ. ಕಂಡರೆ ಮಾತ್ರ ಕೆಲಸ ಅರ್ಧ ಮುಗಿದ ಹಾಗೆ: ಅದರಿಂದ 2 ಆರ್ಕ್‌ಸೆಕೆಂಡ್ ಒಳಗಿನ ಇನ್ಫ್ರಾರೆಡ್ ಚುಕ್ಕೆಯೇ ನಿಮ್ಮ ಉತ್ತರ. ಇಷ್ಟೆಲ್ಲ ಆದಮೇಲೆ ಇನ್ಫ್ರಾರೆಡ್ ಚಿತ್ರ ತೆರೆಯಿರಿ.

ನಿಮ್ಮ ಚಿತ್ರಕ್ಕೆ ಈಗ ಮೂರು ದಾರಿ ಇದೆ.

ಮಂಕು ಚುಕ್ಕೆಯನ್ನು ಆರಿಸಬಹುದು. ಅದು ಎರಡು ಗುಡ್ಡೆಗಳ ಶಿಖರ ಸೇರಿಸುವ ಗೆರೆಯ ಮೇಲೆ, ಅಥವಾ ಬಾಲಗಳು ತೋರಿಸುವ ದಾರಿಯಲ್ಲಿ ಇದ್ದರೆ ನಾನು ಅದನ್ನೇ ಆರಿಸುತ್ತೇನೆ. ಅಪಾಯ ಏನೆಂದರೆ, ಮೇಲೆ ಲೆಕ್ಕ ಹಾಕಿದ ಹಾಗೆ ಅದೂ ಅಡ್ಡ ಬಂದ ಚುಕ್ಕೆ ಆಗಿರಬಹುದು. ಗೆರೆಯಿಂದ ಎಂಟು ಹತ್ತು ಆರ್ಕ್‌ಸೆಕೆಂಡ್ ಪಕ್ಕಕ್ಕೆ ಇದ್ದರೆ ನನ್ನ ನಂಬಿಕೆ ಬೇಗ ಕುಸಿಯುತ್ತದೆ.

'ಏನೂ ಇಲ್ಲ' ಅನ್ನಬಹುದು. ಇದು ಸೋತು ಕೊಡುವ ಉತ್ತರ ಅಂತ ಬಹಳ ಜನ ಅಂದುಕೊಂಡಿದ್ದಾರೆ, ಅದಕ್ಕೇ ಏನಾದರೂ ಒಂದನ್ನು ಒತ್ತಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 2006ರಲ್ಲಿ ರೇ ನಾರಿಸ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದ ರೇಡಿಯೋ ಸಮೀಕ್ಷೆಯಲ್ಲಿ, ಸ್ಪಿಟ್ಜರ್ ಉಪಗ್ರಹದ ಚಿತ್ರದಲ್ಲಿ ಏನೂ ಕಾಣದ ರೇಡಿಯೋ ಮೂಲಗಳನ್ನು ಪ್ರತ್ಯೇಕವಾಗಿ ಪಟ್ಟಿ ಮಾಡಿದರು. ಇಂಥ ಕೆಲವು ಮೂಲಗಳ ಸ್ಪೆಕ್ಟ್ರಮ್ ಆಮೇಲೆ ಸಿಕ್ಕಾಗ ರೆಡ್‌ಶಿಫ್ಟ್ 2ರ ಆಸುಪಾಸು, ಅದಕ್ಕೂ ಮೇಲೆ ಬಂತು. ಅಂದರೆ ಸಾವಿರ ಕೋಟಿ ವರ್ಷದಷ್ಟು ಹಿಂದೆ ಹೊರಟ ಬೆಳಕು. ಅಷ್ಟು ದೂರದ ಗ್ಯಾಲಕ್ಸಿ ಚಿತ್ರದಲ್ಲಿ ಕಾಣದೇ ಇರುವುದು ಸಹಜ. ಎಲ್ಲರೂ ಪಕ್ಕದ ಚುಕ್ಕೆಯನ್ನು ಒತ್ತಿದ್ದರೆ ಇವು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಪಾಯ ಇಲ್ಲೂ ಇದೆ: ಮಂಕು ಹೋಸ್ಟ್ ಇದ್ದೂ ಇಲ್ಲ ಎಂದರೆ ಒಂದು ಸಾಧಾರಣ ಮೂಲ 'ವಿಚಿತ್ರ'ಗಳ ಪಟ್ಟಿಗೆ ಸೇರಿ, ದೊಡ್ಡ ದೂರದರ್ಶಕದ ಸಮಯ ವ್ಯರ್ಥವಾಗಬಹುದು.

ಮೂರನೆಯದು, ಇವು ಜೋಡಿಯೇ ಅಲ್ಲ, ಎರಡು ಬೇರೆ ಮೂಲಗಳು ಅನ್ನುವುದು. ನಿಮ್ಮ ಮೊದಲ ಆಯ್ಕೆ ಸರಿಯಾಗುವ ದಾರಿ ಇದೊಂದೇ. ಎಡ ಗುಡ್ಡೆ ದುಂಡಗಿದ್ದು, ಅದರ ಶಿಖರ ಹೊಳೆಯುವ ಚುಕ್ಕೆಯ ಮೇಲೆ ಒಂದೆರಡು ಆರ್ಕ್‌ಸೆಕೆಂಡ್ ಒಳಗೆ ಕೂತಿದ್ದು, ಆ ಚುಕ್ಕೆ ನಕ್ಷತ್ರವಲ್ಲ ಅಂತ ಖಚಿತವಾದರೆ, ಎಡ ಗುಡ್ಡೆಗೆ ಮಾತ್ರ ಅದನ್ನು ಹೋಸ್ಟ್ ಅನ್ನಿ, ಬಲಗಡೆಯದನ್ನು ಬೇರೆಯಾಗಿ ಗುರುತಿಸಿ. ನೀವು 'ಪಕ್ಕದಲ್ಲೇ' ಎಂದಿದ್ದೀರಿ, 'ಮೇಲೆ' ಎಂದಿಲ್ಲ, ಅದಕ್ಕೇ ನಾನು ಇದನ್ನು ಕೊನೆಗೆ ಇಟ್ಟೆ.

ತಪ್ಪು ಹೋಸ್ಟ್ ಆರಿಸಿದರೆ ಏನಾಗುತ್ತದೆ ಅಂತ ಗೊತ್ತಿದ್ದರೆ ಇಷ್ಟು ಪಟ್ಟು ಹಿಡಿಯುವುದು ಯಾಕೆ ಅಂತ ಅರ್ಥವಾಗುತ್ತದೆ. ರೇಡಿಯೋ ಅಲೆ ಮಾತ್ರ ನೋಡಿದರೆ ಮೂಲ ಎಷ್ಟು ದೂರ ಅಂತ ತಿಳಿಯುವುದಿಲ್ಲ. ದೂರ ಸಿಗುವುದು ಹೋಸ್ಟ್‌ನ ರೆಡ್‌ಶಿಫ್ಟ್‌ನಿಂದ. ನಿಜವಾದ ಹೋಸ್ಟ್ ರೆಡ್‌ಶಿಫ್ಟ್ 1ರಲ್ಲಿದ್ದು, ನಾವು 0.1ರಲ್ಲಿರುವ ಹತ್ತಿರದ ಗ್ಯಾಲಕ್ಸಿಯನ್ನು ಆರಿಸಿದರೆ, ಮೂಲದ ಅಳತೆ ನಾಲ್ಕು ಪಟ್ಟು ಚಿಕ್ಕದಾಗುತ್ತದೆ, ಅದರ ರೇಡಿಯೋ ಶಕ್ತಿ ನೂರು ಪಟ್ಟಿಗೂ ಹೆಚ್ಚು ಕಡಿಮೆಯಾಗಿ ಲೆಕ್ಕಕ್ಕೆ ಬರುತ್ತದೆ.

ಕಂಪ್ಯೂಟರ್‌ಗೆ ಬಿಡಬಹುದಲ್ವಾ ಅಂದಿರಿ. ಒಂಟಿ ಚುಕ್ಕೆಗಳನ್ನು ಈಗಾಗಲೇ ಕಂಪ್ಯೂಟರ್‌ಗೇ ಬಿಟ್ಟಿದ್ದೇವೆ. ಅಲ್ಲಿ ಸ್ಥಾನ ಹೊಂದಿಸುವುದು ಬರೀ ಅಂಕಿಗಳ ಕೆಲಸ. ಯುರೋಪಿನ ಲೋಫಾರ್ ರೇಡಿಯೋ ದೂರದರ್ಶಕ 2022ರಲ್ಲಿ ಬಿಡುಗಡೆ ಮಾಡಿದ ಪಟ್ಟಿಯಲ್ಲೇ 44 ಲಕ್ಷ ರೇಡಿಯೋ ಮೂಲಗಳಿವೆ, ಎಲ್ಲವನ್ನೂ ಕಣ್ಣಿನಲ್ಲಿ ನೋಡಲು ಆಗುವುದಿಲ್ಲ. ಬಹುಪಾಲನ್ನು ಲೆಕ್ಕದಿಂದ ಹೊಂದಿಸಿ, ದೊಡ್ಡದಾಗಿ ಹರಡಿದ ಗೋಜಲಿನ ಮೂಲಗಳನ್ನು ಸ್ವಯಂಸೇವಕರ ಮುಂದಿಟ್ಟರು. ದೂರ ದೂರ ಬಿದ್ದ ತುಣುಕುಗಳು ಒಂದೇ ಮೂಲದ್ದು ಅಂತ ಗ್ರಹಿಸುವುದರಲ್ಲಿ ಮನುಷ್ಯರ ಕಣ್ಣು ಇವತ್ತಿಗೂ ಗಟ್ಟಿ. ಯಂತ್ರಗಳೂ ಕಲಿಯುತ್ತಿವೆ, ನಿಜ, ಆದರೆ ಕ್ಲಾರಾನ್‌ನಂಥ ಪ್ರೋಗ್ರಾಂ ಕಲಿತದ್ದೇ ರೇಡಿಯೋ ಗ್ಯಾಲಕ್ಸಿ ಝೂ ಸ್ವಯಂಸೇವಕರ ಉತ್ತರಗಳಿಂದ. ಅದಕ್ಕೇ 'ಗೊತ್ತಿಲ್ಲದಿದ್ದರೂ ಒಂದು ಒತ್ತಿಬಿಡುವ' ಅಭ್ಯಾಸ ನನಗೆ ಚಿಂತೆ ತರುತ್ತದೆ. 20 ಜನರಲ್ಲಿ 9 ಜನ ಒಂದು, 7 ಜನ ಇನ್ನೊಂದು, 4 ಜನ 'ಇಲ್ಲ' ಎಂದರೆ, ಆ ಭಿನ್ನಾಭಿಪ್ರಾಯವೇ ನಮಗೆ ಮಾಹಿತಿ: ಈ ಚಿತ್ರ ನಿಜಕ್ಕೂ ಕಷ್ಟದ್ದು, ಇದನ್ನು ಪಟ್ಟಿಗೆ ಸೇರಿಸುವ ಮುಂಚೆ ತಜ್ಞರು ನೋಡಬೇಕು ಅಂತ. ಬೇರೆಯವರ ಉತ್ತರ ನೋಡಿ ನಿಮ್ಮದನ್ನು ಬದಲಿಸಿದರೆ ಆ ಮಾಹಿತಿ ಅಳಿಸಿಹೋಗುತ್ತದೆ. ಆದ್ದರಿಂದ ಚಿತ್ರ ಬಿಟ್ಟು ಮುಂದೆ ಹೋಗಬೇಡಿ. ನಿಮಗೆ ಕಂಡದ್ದನ್ನು ಒತ್ತಿ, ಆಮೇಲೆ ಬೇಕಾದರೆ ಚರ್ಚೆ ಓದಿ.

ಮನೆಯಲ್ಲೇ ಕೂತು ಇನ್ನೊಂದು ಪರೀಕ್ಷೆ ಮಾಡಬಹುದು. ಚಿತ್ರದ ಸ್ಥಾನಾಂಕ ಸಿಕ್ಕರೆ ಅದೇ ಜಾಗವನ್ನು ಬೇರೆ ರೇಡಿಯೋ ಸಮೀಕ್ಷೆಗಳಲ್ಲಿ ತೆರೆದು ನೋಡಿ, ಎಲ್ಲವೂ ಉಚಿತ. ಅಮೆರಿಕದ ಫಸ್ಟ್ ಸಮೀಕ್ಷೆ 5 ಆರ್ಕ್‌ಸೆಕೆಂಡ್‌ನಷ್ಟು ಸಣ್ಣ ವಿವರ ಬಿಡಿಸಿ ತೋರಿಸುತ್ತದೆ, ಸ್ಥಾನ ಹಿಡಿಯಲು ಚೆನ್ನಾಗಿದೆ, ಆದರೆ ಹರಡಿದ ಮಂಕು ಭಾಗಗಳನ್ನು ಕಳೆದುಕೊಳ್ಳುತ್ತದೆ. ಜೋರಾದ ಮೂಲದ ಸುತ್ತ ನಕ್ಷತ್ರಾಕಾರದ ಸುಳ್ಳು ಗೆರೆಗಳೂ ಅದರಲ್ಲಿ ಬರುತ್ತವೆ, ಅವನ್ನು ಜೆಟ್ ಅಂತ ತಿಳಿಯಬೇಡಿ. ಎನ್‌ವಿಎಸ್ಎಸ್ ಅನ್ನುವ ಇನ್ನೊಂದು ಸಮೀಕ್ಷೆ 45 ಆರ್ಕ್‌ಸೆಕೆಂಡಿನದ್ದು, ಮಸುಕು, ಆದರೆ ಹರಡಿದ್ದನ್ನು ಬಿಡುವುದಿಲ್ಲ. ಪುಣೆ ಹತ್ತಿರ ಖೋಡದ್‌ನಲ್ಲಿರುವ ನಮ್ಮ ಜಿಎಂಆರ್‌ಟಿ ರೇಡಿಯೋ ದೂರದರ್ಶಕದ 30 ತಟ್ಟೆಗಳಿಂದ ಮಾಡಿದ ಟಿಜಿಎಸ್ಎಸ್ ಸಮೀಕ್ಷೆ 150 ಮೆಗಾಹರ್ಟ್ಸ್‌ನಲ್ಲಿದೆ. ಹಳೆಯ ಲೋಬ್‌ಗಳು ಅಂಥ ಕಡಿಮೆ ಆವರ್ತನದಲ್ಲಿ ಜೋರಾಗುತ್ತವೆ, ಕೋರ್ ಅಷ್ಟಾಗಿ ಜೋರಾಗುವುದಿಲ್ಲ. ನಿಮ್ಮ ಎರಡೂ ಗುಡ್ಡೆ ಅಲ್ಲಿ ಒಂದೇ ಪ್ರಮಾಣದಲ್ಲಿ ಜೋರಾಗಿದ್ದರೆ ಜೋಡಿ ಅನ್ನುವುದಕ್ಕೆ ಬಲ ಬರುತ್ತದೆ. ಎಡಗಡೆಯದು ಮಾತ್ರ ಹಾಗೇ ಇದ್ದು ಬಲಗಡೆಯದು ಜಾಸ್ತಿ ಬೆಳೆದಿದ್ದರೆ ಮೂರನೇ ದಾರಿಯನ್ನು ಮತ್ತೆ ಯೋಚಿಸಿ.

ಇಂಥ ಪರೀಕ್ಷೆಗಳ ರುಚಿ ಹತ್ತಿದರೆ, ಆನಂದ ಹೋತಾ ಅವರು 2013ರಲ್ಲಿ ಶುರು ಮಾಡಿದ ರ್‍ಯಾಡ್ ಅಟ್ ಹೋಮ್ ಅನ್ನುವ ಭಾರತದ್ದೇ ತಂಡ ಇದೆ. ವಿಜ್ಞಾನದಲ್ಲಿ ಪದವಿ ಓದಿದವರಿಗೆ ರೇಡಿಯೋ, ಇನ್ಫ್ರಾರೆಡ್, ಬೆಳಕಿನ ಚಿತ್ರಗಳನ್ನು ಬಣ್ಣ ಬಣ್ಣವಾಗಿ ಒಂದರ ಮೇಲೊಂದು ಹಾಕಿ ಓದುವುದನ್ನು ಕಲಿಸುತ್ತಾರೆ, ಒಳ್ಳೆಯದು ಸಿಕ್ಕರೆ ಜಿಎಂಆರ್‌ಟಿಯಲ್ಲಿ ನೋಡಲು ಸಮಯ ಕೇಳುತ್ತಾರೆ. ನಿಮ್ಮ ಬಿಎಸ್ಸಿ ಫಿಸಿಕ್ಸ್ ಅಲ್ಲಿ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ.

ಸದ್ಯಕ್ಕೆ ಆ ಚಿತ್ರದ ಸ್ಥಾನಾಂಕ, ಮಂಕು ಚುಕ್ಕೆ ಗೆರೆಯಿಂದ ಎಷ್ಟು ದೂರ ಇದೆ, ಎರಡು ಗುಡ್ಡೆಗಳ ಬಾಲ ಯಾವ ಕಡೆಗಿದೆ, ಇಷ್ಟನ್ನು ಬರೆದಿಟ್ಟುಕೊಳ್ಳಿ. ಟಿಜಿಎಸ್ಎಸ್ ನೋಡಿದ ಮೇಲೆ ನನಗೂ ಕಳಿಸಿ, ನಾನು ನೋಡುತ್ತೇನೆ.